ಟನ್ನಿಗೆ 45 ಕುದುರೆ: ಅಂಬಾಸಿಡರ್ ಮತ್ತು ಪದ್ಮಿನಿ

ಹಳೆಯ ಕಾರುಗಳ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ನಾನು ಆಡಿದ ಮಾತುಗಳ ಬರಹ ರೂಪವಿದು. ಅಂದು ಕಪ್ಪುಹಲಗೆಯ ಮೇಲೆ ಮಾಡಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಅಂಗಳದಲ್ಲಿ ನಿಂತಿರುವ ಎರಡು ಕಾರುಗಳನ್ನು ನೀವೆಲ್ಲ ನೋಡಿಯೇ ಬಂದಿರುತ್ತೀರಿ. ಬಿಳಿಯದು ಅಂಬಾಸಿಡರ್, ಅದರ ಪಕ್ಕದ ತಿಳಿನೀಲಿಯದು ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಎಂದರೆ ಗೊತ್ತಾಗದ ಹಿರಿಯರಿಗೆ ಫಿಯೆಟ್ ಎಂದರೆ ತಕ್ಷಣ ಗೊತ್ತಾಗುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂಬ ಜಗಳ ನಮ್ಮ ಮನೆಯಲ್ಲಿ ಮೂವತ್ತು ವರ್ಷ ನಡೆಯಿತು. ನಮ್ಮ ದೊಡ್ಡಪ್ಪ ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದರು. ಸೋದರಮಾವ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದು, ಫಿಯೆಟ್ ಇಟ್ಟುಕೊಂಡಿದ್ದರು. ಹಬ್ಬಕ್ಕೆ ಇಬ್ಬರೂ ಸೇರಿದರೆ ಊಟದ ಎಲೆ ಎತ್ತುವ ಮೊದಲೇ ಮಾತು ಕಾರಿನ ಕಡೆಗೆ ಹೊರಳುತ್ತಿತ್ತು. ದೊಡ್ಡಪ್ಪ "ಆಗುಂಬೆ ಹತ್ತಿಸಿ ತೋರಿಸು" ಎನ್ನುತ್ತಿದ್ದರು. ಮಾವ "ನಿಮ್ಮದು ಕುಡಿಯುವ ಪೆಟ್ರೋಲಿನಲ್ಲಿ ನನ್ನದು ಧಾರವಾಡಕ್ಕೆ ಹೋಗಿ ಬಂದೀತು ಭಾವ" ಎನ್ನುತ್ತಿದ್ದರು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಹೋದದ್ದಕ್ಕೆ ಆ ಜಗಳವೂ ಒಂದು ಕಾರಣ. ಇವತ್ತು ಅದನ್ನೇ ಅಂಕಿಗಳ ಮೂಲಕ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಇವುಗಳ ಹುಟ್ಟು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ. ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಅದರ ಹಕ್ಕು ಪಡೆದು, ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ತಯಾರಿಸಿತು. 1958ರ ಹೊತ್ತಿಗೆ ಅಂಬಾಸಿಡರ್ ನಮ್ಮ ರಸ್ತೆಗಳಲ್ಲಿತ್ತು. ಮೊದಮೊದಲು ಅದಕ್ಕೆ 1476 ಸಿಸಿಯ ಹಳೆಯ ಸೈಡ್‌ವಾಲ್ವ್ ಎಂಜಿನ್ ಇತ್ತು. ಸ್ವಲ್ಪ ಸಮಯದಲ್ಲೇ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ನಾವು ಅಂಬಾಸಿಡರ್ ಎಂದು ನೆನಪಿಟ್ಟುಕೊಂಡಿರುವ ಸದ್ದು ಈ ಎರಡನೆಯ ಎಂಜಿನ್ನಿನದು.

ಪದ್ಮಿನಿಯ ತವರು ಇಟಲಿ. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈಯ ಕುರ್ಲಾದಲ್ಲಿ ಫಿಯೆಟ್ ಕಾರುಗಳನ್ನು ಜೋಡಿಸುತ್ತಿತ್ತು. 1964ರಲ್ಲಿ ಫಿಯೆಟ್ 1100ಡಿ ಮಾದರಿ ಬಂತು, ಫಿಯೆಟ್ ಡಿಲೈಟ್ ಎಂಬ ಹೆಸರಿನಲ್ಲಿ. ಇಟಲಿಯ ಕಂಪನಿಯೊಂದಿಗಿನ ಒಪ್ಪಂದ ಮುಗಿದ ಮೇಲೆ ಕೆಲಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡು, 1974ರಿಂದ ಚಿತ್ತೋಡಿನ ರಾಣಿಯ ಹೆಸರು ಹೊತ್ತಿತು. ಹೆಸರು ಬದಲಾದರೂ ಲೋಹ ಬದಲಾಗಲಿಲ್ಲ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯೂರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿ ಮೋಟಾರು ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಆ ಯೋಜನೆಯನ್ನು ಬೆನ್ನಿಗೆ ಕಟ್ಟಿಕೊಂಡವರು ಇದೇ ವಾಲ್‌ಚಂದ್. ಬ್ರಿಟಿಷ್ ಸರ್ಕಾರ ಕೈಹಿಡಿಯಲಿಲ್ಲ. ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು, ಇಂದಿನ ಎಚ್‌ಎಎಲ್ ಅದೇ. ಕಾರಿನ ಕಂಪನಿ ಸ್ಥಾಪನೆಯಾದದ್ದು 1944ರಲ್ಲಿ. ಹೊರಗೆ ನಿಂತಿರುವ ನೀಲಿ ಕಾರಿನ ವಂಶವೃಕ್ಷದಲ್ಲಿ ಮುದ್ದೇನಹಳ್ಳಿಯ ಒಂದು ಬೇರು ಇದೆ ಎಂದು ನಾನು ನಂಬುತ್ತೇನೆ.

ಈಗ ಅಂಕಿಗಳಿಗೆ ಬರೋಣ. ಅಂಬಾಸಿಡರ್‌ಗೆ 1489 ಸಿಸಿ, ಸುಮಾರು 50 ಅಶ್ವಶಕ್ತಿ, ತೂಕ ಸುಮಾರು 1100 ಕಿಲೊ. ಪದ್ಮಿನಿಗೆ 1089 ಸಿಸಿ, 40 ಅಶ್ವಶಕ್ತಿ, ತೂಕ 895 ಕಿಲೊ. ಎಂಜಿನ್ನಿನ ಗಾತ್ರ ನೋಡಿದರೆ ಅಂಬಾಸಿಡರ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದೊಡ್ಡದು. ದೊಡ್ಡಪ್ಪನ ವಾದ ಇಲ್ಲಿಗೇ ನಿಲ್ಲುತ್ತಿತ್ತು: ದೊಡ್ಡ ಎಂಜಿನ್, ದೊಡ್ಡ ಬಲ.

ಆದರೆ ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿ. ಅಂಬಾಸಿಡರ್‌ನಲ್ಲಿ ಒಂದು ಟನ್ನಿಗೆ ಸುಮಾರು 45 ಕುದುರೆ ಬರುತ್ತದೆ. ಪದ್ಮಿನಿಯಲ್ಲಿ? ಅಲ್ಲೂ ಸುಮಾರು 45. ಕಾಲೇಜಿನಲ್ಲಿದ್ದಾಗ ಈ ಭಾಗಾಕಾರವನ್ನು ಮೊದಲ ಸಲ ಮಾಡಿದಾಗ ತಪ್ಪಾಗಿದೆ ಎಂದುಕೊಂಡು ಮತ್ತೆ ಮಾಡಿದೆ. ಎರಡು ದೇಶಗಳಲ್ಲಿ ಎರಡು ಬೇರೆ ಬೇರೆ ಎಂಜಿನಿಯರುಗಳ ಗುಂಪು ಮಾಡಿದ ಕಾರುಗಳು, ಒಂದೇ ಜಾಗಕ್ಕೆ ಬಂದು ನಿಂತಿವೆ. ಹಾಗಾಗಿಯೇ ಖಾಲಿ ಕಾರಿನಲ್ಲಿ ಚಾಲಕನೊಬ್ಬನೇ ಕುಳಿತು ಸಮತಟ್ಟಾದ ರಸ್ತೆಯಲ್ಲಿ ಓಡಿಸಿದರೆ ಇವೆರಡರ ನಡುವೆ ಗೆಲುವು ಸೋಲು ತೀರ್ಮಾನವಾಗುವುದು ಕಷ್ಟ. ನಿಂತಲ್ಲಿಂದ ನೂರು ಕಿಲೊಮೀಟರ್ ವೇಗಕ್ಕೆ ಎರಡಕ್ಕೂ ಹೆಚ್ಚುಕಡಿಮೆ ಅರ್ಧ ನಿಮಿಷ ಬೇಕು. ಗರಿಷ್ಠ ವೇಗವೂ ಎರಡರದ್ದೂ 120ರ ಆಸುಪಾಸಿನಲ್ಲೇ ಮುಗಿಯುತ್ತದೆ. ಅಂದಿನ ರಸ್ತೆಯಲ್ಲಿ ಆ ವೇಗ ನೋಡಿದವರು ಕಡಿಮೆ.

ಹಾಗಾದರೆ ಜಗಳ ಯಾಕೆ ಮೂವತ್ತು ವರ್ಷ ನಡೆಯಿತು? ಖಾಲಿ ಕಾರಿನ ಲೆಕ್ಕ ಕಾಗದದ ಲೆಕ್ಕ. ನಮ್ಮ ಊರುಗಳಲ್ಲಿ ಖಾಲಿ ಕಾರು ಎಲ್ಲಿ ಓಡುತ್ತಿತ್ತು? ಐದಾರು ಜನ, ಅವರ ಚೀಲ, ಡಿಕ್ಕಿಯಲ್ಲಿ ಒಂದು ಮೂಟೆ ಅಕ್ಕಿ, ಮೇಲೆ ಕ್ಯಾರಿಯರ್ ಇದ್ದರೆ ಅಲ್ಲೊಂದು ಟ್ರಂಕು. ಒಟ್ಟು 400 ಕಿಲೊ ಎಂದು ಹಿಡಿಯಿರಿ. ಈಗ ಅಂಬಾಸಿಡರ್ 1500 ಕಿಲೊ, ಪದ್ಮಿನಿ 1295 ಕಿಲೊ. ಟನ್ನಿಗೆ ಕುದುರೆಗಳ ಲೆಕ್ಕ ಅಂಬಾಸಿಡರ್‌ಗೆ 33, ಪದ್ಮಿನಿಗೆ 31. ಖಾಲಿ ಇದ್ದಾಗ ಸಮನಾಗಿದ್ದವುಗಳ ನಡುವೆ ಹೊರೆ ಬಿದ್ದ ಕೂಡಲೇ ಅಂತರ ಹುಟ್ಟಿತು. ಹೊರೆ ಎರಡಕ್ಕೂ ಒಂದೇ, ಆದರೆ ಹಗುರ ಕಾರಿಗೆ ಅದು ದೊಡ್ಡ ಪಾಲು. ಪದ್ಮಿನಿಯ ತೂಕ 45 ಪ್ರತಿಶತ ಏರಿತು, ಅಂಬಾಸಿಡರ್‌ನದು 36 ಪ್ರತಿಶತ.

ಟಾರ್ಕ್ ತೆಗೆದುಕೊಂಡರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಟಾರ್ಕ್ ಎಂದರೆ ಎಂಜಿನ್ನಿನ ದಂಡವನ್ನು ತಿರುಚುವ ಬಲ. ಬಾವಿಯ ರಾಟೆಯನ್ನೋ ಗಾಣವನ್ನೋ ತಿರುಗಿಸುವ ಕೈಯ ಬಲವನ್ನು ನೆನೆಯಿರಿ. ಅಂಬಾಸಿಡರ್‌ನದು 100 ನ್ಯೂಟನ್ ಮೀಟರಿನ ಆಸುಪಾಸು, ಪದ್ಮಿನಿಯದು 71. ಹೊರೆ ಹೇರಿದ ಕಾರಿನ ಒಂದು ಟನ್ನಿಗೆ ಹಂಚಿದರೆ ಅಂಬಾಸಿಡರ್‌ಗೆ 67, ಪದ್ಮಿನಿಗೆ 55. ಐದನೇ ಒಂದು ಭಾಗದಷ್ಟು ಅನುಕೂಲ ಅಂಬಾಸಿಡರ್‌ಗೆ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ ಆ ಬಲ ಅದಕ್ಕೆ ಕಡಿಮೆ ಸುತ್ತಿನಲ್ಲೇ, ನಿಮಿಷಕ್ಕೆ 2400ರ ಹತ್ತಿರದಲ್ಲೇ ಸಿಗುತ್ತದೆ. ಪದ್ಮಿನಿಯ ಎಂಜಿನ್ 3000 ಸುತ್ತಿಗೆ ಏರಬೇಕು.

ಇದು ಯಾಕೆ ಹೀಗೆ ಎಂಬುದು ನನಗೆ ಬಹಳ ಇಷ್ಟವಾದ ವಿಷಯ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಂಬಾಸಿಡರ್ ಎಂಜಿನ್ನಿನ ಬೋರ್ 73 ಮಿಲಿಮೀಟರ್, ಸ್ಟ್ರೋಕ್ 88.9. ಅಂದರೆ ಸಿಲಿಂಡರ್ ಅಗಲಕ್ಕಿಂತ ಪಿಸ್ಟನ್ ಓಡುವ ಉದ್ದ ಬಹಳ ಹೆಚ್ಚು. ಉದ್ದನೆಯ ಇಕ್ಕಟ್ಟು ಕೊಳವೆ. ಪದ್ಮಿನಿಯದು 68 ಮತ್ತು 75, ಹೆಚ್ಚು ಚೌಕವಾದ ಆಕಾರ. ಇಂಗ್ಲೆಂಡಿನಲ್ಲಿ 1947ರವರೆಗೆ ಕಾರಿನ ತೆರಿಗೆಯನ್ನು ಸಿಲಿಂಡರಿನ ವ್ಯಾಸ ಮತ್ತು ಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಿದ್ದರು. ಸ್ಟ್ರೋಕ್ ಎಷ್ಟಿದ್ದರೂ ತೆರಿಗೆ ಇಲ್ಲ. ಹಾಗಾಗಿ ಅಲ್ಲಿನ ಎಂಜಿನಿಯರುಗಳು ಬೋರ್ ಕಿರಿದು ಮಾಡಿ, ಸ್ಟ್ರೋಕ್ ಉದ್ದ ಮಾಡುವ ರೂಢಿ ಬೆಳೆಸಿಕೊಂಡರು. ತೆರಿಗೆಯ ಪದ್ಧತಿ ಹೋದರೂ ರೂಢಿ ಉಳಿಯಿತು. ಮಾರಿಸ್ ಸೇರಿಕೊಂಡಿದ್ದ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ ಸರಣಿಯ ಎಂಜಿನ್, ಅಂದರೆ ನಮ್ಮ ಅಂಬಾಸಿಡರ್ ಎಂಜಿನ್, ಆ ರೂಢಿಯ ಕೂಸು. ಲಂಡನ್ನಿನ ತೆರಿಗೆ ಅಧಿಕಾರಿಯ ಒಂದು ಸೂತ್ರ, ದಶಕಗಳ ನಂತರ ತೀರ್ಥಹಳ್ಳಿಯ ಬಾಡಿಗೆ ಕಾರಿನ ಹತ್ತುವ ಗುಣಕ್ಕೆ ಕಾರಣವಾಯಿತು.

ಉದ್ದ ಸ್ಟ್ರೋಕಿಗೆ ಬೆಲೆಯೂ ತೆರಬೇಕು. ಪಿಸ್ಟನ್ ಒಂದೊಂದು ಸುತ್ತಿಗೂ ಹೆಚ್ಚು ದೂರ ಓಡಬೇಕಾದ್ದರಿಂದ ಎಂಜಿನ್ ವೇಗವಾಗಿ ತಿರುಗಲಾರದು. ಅಂಬಾಸಿಡರ್ ತನ್ನ ಪೂರ್ಣ ಶಕ್ತಿ ಕೊಡುವ 4200 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.4 ಮೀಟರ್. ಪದ್ಮಿನಿ ತನ್ನ ಪೂರ್ಣ ಶಕ್ತಿ ಕೊಡುವುದು 4800 ಸುತ್ತಿನಲ್ಲಿ, ಅಲ್ಲಿ ಪಿಸ್ಟನ್ ವೇಗ 12 ಮೀಟರ್. ನೋಡಿ, ಇಲ್ಲೂ ಎರಡೂ ಸಮೀಪ. ಅಂದಿನ ಲೋಹ ಮತ್ತು ಅಂದಿನ ಆಯಿಲ್ ಹಾಕಿದ ಮಿತಿ ಇಬ್ಬರಿಗೂ ಒಂದೇ ಆಗಿತ್ತು. ಆ ಮಿತಿಯೊಳಗೆ ಒಬ್ಬರು ನಿಧಾನವಾಗಿ ಬಲವಾಗಿ ಎಳೆಯುವ ದಾರಿ ಹಿಡಿದರು, ಇನ್ನೊಬ್ಬರು ಚುರುಕಾಗಿ ತಿರುಗುವ ದಾರಿ.

ಈಗ ದೊಡ್ಡಪ್ಪನ ಆಗುಂಬೆಗೆ ಹೋಗೋಣ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುವ ಏರನ್ನು ಗಂಟೆಗೆ 30 ಕಿಲೊಮೀಟರ್ ವೇಗದಲ್ಲಿ ಹತ್ತುತ್ತಿದ್ದೇವೆ ಎನ್ನಿ. ಸೆಕೆಂಡಿಗೆ 83 ಸೆಂಟಿಮೀಟರ್ ಮೇಲೇರುತ್ತೇವೆ. 1500 ಕಿಲೊವನ್ನು ಹೀಗೆ ಎತ್ತಲು ಸುಮಾರು 16 ಅಶ್ವಶಕ್ತಿ ಬೇಕು. ತುಂಬಿದ ಪದ್ಮಿನಿಗೆ ಸುಮಾರು 14. ಎರಡೂ ಕಾರುಗಳು ತಮ್ಮ ಶಕ್ತಿಯ ಮೂರನೇ ಒಂದು ಭಾಗವನ್ನು ಬರೀ ಎತ್ತುವುದಕ್ಕೇ ಕೊಡುತ್ತವೆ, ಚಕ್ರ ಮತ್ತು ಗೇರುಗಳ ಘರ್ಷಣೆ ಬೇರೆ. ಅಂದರೆ ಪದ್ಮಿನಿ ಆಗುಂಬೆ ಹತ್ತುವುದಿಲ್ಲ ಎಂಬ ಮಾತು ಸುಳ್ಳು. ಖಂಡಿತ ಹತ್ತುತ್ತದೆ. ವ್ಯತ್ಯಾಸ ಇರುವುದು ಹೇಗೆ ಹತ್ತುತ್ತದೆ ಎಂಬಲ್ಲಿ.

ತಿರುವಿಗೆ ಬಂದಾಗ ವೇಗ ಹತ್ತು, ಹನ್ನೆರಡಕ್ಕೆ ಇಳಿಯುತ್ತದೆ. ಎಂಜಿನ್ನಿನ ಸುತ್ತು ಬೀಳುತ್ತದೆ. ಅಂಬಾಸಿಡರ್ ಆ ಕಡಿಮೆ ಸುತ್ತಿನಲ್ಲೂ ಎರಡನೇ ಗೇರಿನಲ್ಲೇ ಗುರುಗುಟ್ಟುತ್ತ ತಿರುವು ದಾಟುತ್ತದೆ. ಪದ್ಮಿನಿಯ ಎಂಜಿನ್ ಅಲ್ಲಿ ಉಸಿರು ಕಟ್ಟಿದಂತಾಗಿ, ಒಂದನೇ ಗೇರು ಬೇಡುತ್ತದೆ. ಎರಡೂ ಕಾರುಗಳ ಒಂದನೇ ಗೇರಿಗೆ ಸಿಂಕ್ರೊಮೆಶ್, ಅಂದರೆ ಗೇರಿನ ಹಲ್ಲುಗಳ ವೇಗವನ್ನು ತಾನಾಗಿಯೇ ಹೊಂದಿಸುವ ಏರ್ಪಾಡು, ಇರಲಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ. ಓಡುತ್ತಿರುವಾಗ ಒಂದನೇ ಗೇರಿಗೆ ಹಾಕಬೇಕೆಂದರೆ ಹೆಚ್ಚುಕಡಿಮೆ ನಿಲ್ಲಿಸಬೇಕು, ಇಲ್ಲವೇ ಕ್ಲಚ್ ಎರಡು ಸಲ ತುಳಿದು ನಡುವೆ ಆಕ್ಸಿಲರೇಟರ್ ಕೊಟ್ಟು ಹಲ್ಲುಗಳನ್ನು ಹೊಂದಿಸಬೇಕು. ಹಿಂದೆ ಬಸ್ಸು, ಮುಂದೆ ಕಲ್ಲಿನ ಗೋಡೆ, ಜೊತೆಗೆ ಮಳೆ. ಮಣಿಪಾಲದ ಆಸ್ಪತ್ರೆಯಿಂದ ರೋಗಿಗಳನ್ನು ಮನೆಗೆ ಕರೆತರುತ್ತಿದ್ದ ದೊಡ್ಡಪ್ಪನಿಗೆ ಆ ಒಂದು ಗೇರು ಉಳಿಯುವುದು ಎಷ್ಟು ದೊಡ್ಡ ವಿಷಯವಾಗಿತ್ತು ಎಂದು, ನಾನೇ ಒಮ್ಮೆ ಅಲ್ಲಿ ಪದ್ಮಿನಿ ಓಡಿಸಿದ ಮೇಲೆ ಅರ್ಥವಾಯಿತು.

ಇನ್ನೊಂದು ಸಂಗತಿ ಬಿಸಿ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಚಕ್ರದ ಕಡೆಗೆ ಹೋಗುತ್ತದೆ. ಸರಿಸುಮಾರು ಅಷ್ಟೇ, ಅಥವಾ ಅದಕ್ಕಿಂತ ಹೆಚ್ಚು, ರೇಡಿಯೇಟರಿನ ನೀರಿಗೆ ಹೋಗುತ್ತದೆ. ಘಟ್ಟದಲ್ಲಿ ಎಂಜಿನ್ ದುಡಿಯುತ್ತಿರುತ್ತದೆ, ಗಾಳಿ ಮಾತ್ರ ನುಗ್ಗುತ್ತಿರುವುದಿಲ್ಲ. ಅಂಬಾಸಿಡರ್‌ನ ಸಿಲಿಂಡರ್ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಎರಕದ ಕಬ್ಬಿಣದ್ದು. ನೀರು ಕುದಿದರೂ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಪದ್ಮಿನಿಯದು ಅಲ್ಯೂಮಿನಿಯಂ ಹೆಡ್ಡು. ಅದು ಹಗುರ, ಬಿಸಿಯನ್ನು ಬೇಗ ಹೊರಗೆ ಕಳಿಸುತ್ತದೆ, ನೀರು ಸರಿಯಾಗಿರುವವರೆಗೆ ಕಬ್ಬಿಣಕ್ಕಿಂತ ಮೇಲು. ಆದರೆ ನೀರು ಕಡಿಮೆಯಾಗಿ ಒಮ್ಮೆ ಕುದಿಯಿತೆಂದರೆ ಹೆಡ್ಡು ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಮಾವ ಪ್ರತಿ ಬೆಳಗ್ಗೆ ದೇವರಿಗೆ ಹೂ ಇಡುವ ಮೊದಲು ರೇಡಿಯೇಟರಿನ ಮುಚ್ಚಳ ತೆರೆದು ನೀರು ನೋಡುತ್ತಿದ್ದರು. ಅವರ ಕಾರಿನ ಹೆಡ್ಡು ಇಪ್ಪತ್ತೆರಡು ವರ್ಷ ಒಮ್ಮೆಯೂ ಬಿಚ್ಚಲಿಲ್ಲ.

ದೇಹದ ವಿಷಯ. ಎರಡಕ್ಕೂ ಪ್ರತ್ಯೇಕ ಚಾಸಿ, ಅಂದರೆ ಅಡಿಯಲ್ಲಿ ಬೇರೆ ಚೌಕಟ್ಟು, ಇಲ್ಲ, ತಗಡಿನ ದೇಹವೇ ಭಾರ ಹೊರುತ್ತದೆ. 1950ರ ದಶಕದ ಮೊದಲಿಗೆ ಅದು ಮುಂದುವರಿದ ವಿಧಾನ. ಅಂಬಾಸಿಡರ್ 4.3 ಮೀಟರ್ ಉದ್ದ, ಪದ್ಮಿನಿ 3.9. ಚಕ್ರದಿಂದ ಚಕ್ರಕ್ಕೆ ಇರುವ ಅಂತರದಲ್ಲಿ ವ್ಯತ್ಯಾಸ ಬರೀ 12 ಸೆಂಟಿಮೀಟರ್. ಅಗಲದಲ್ಲಿ ಮಾತ್ರ 20 ಸೆಂಟಿಮೀಟರ್. ಆ 20 ಸೆಂಟಿಮೀಟರೇ ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲಿ ಒಬ್ಬರನ್ನು ಹೆಚ್ಚಾಗಿ ಕೂರಿಸಿತು. ಎತ್ತರ 1.6 ಮೀಟರ್ ಇದ್ದುದರಿಂದ ಪೇಟ ಸುತ್ತಿದವರು ತಲೆ ಬಾಗಿಸದೆ ಕೂರಬಹುದಿತ್ತು. ವಿಧಾನಸೌಧದ ಮೆಟ್ಟಿಲ ಮುಂದೆ ಸಾಲಾಗಿ ನಿಂತ ಬಿಳಿ ಅಂಬಾಸಿಡರ್‌ಗಳ ನೆನಪು ನಿಮಗೆಲ್ಲ ಇರಬೇಕು.

ಸಸ್ಪೆನ್ಷನ್, ಅಂದರೆ ರಸ್ತೆಯ ಹೊಡೆತ ತಡೆಯುವ ಸ್ಪ್ರಿಂಗಿನ ಏರ್ಪಾಡು, ಹಿಂದೆ ಎರಡಕ್ಕೂ ಒಂದೇ: ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್. ಮುಂದೆ ಬೇರೆ. ಪದ್ಮಿನಿಗೆ ಸುರುಳಿ ಸ್ಪ್ರಿಂಗ್. ಅಂಬಾಸಿಡರ್‌ಗೆ ಟಾರ್ಷನ್ ಬಾರ್, ಅಂದರೆ ಚಕ್ರದ ತೋಳಿನಿಂದ ಹೊರಟು ಕಾರಿನ ನೆಲದಡಿ ಹಿಂದಕ್ಕೆ ಹೋಗುವ ಉಕ್ಕಿನ ಸರಳು. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಳ್ಳುತ್ತದೆ, ಹಿಂಡಿದ ಬಟ್ಟೆಯಂತೆ. ಗುಂಡಿಯ ಹೊಡೆತ ಮುಂಭಾಗದ ತಗಡಿನ ಮೇಲೆ ಬೀಳದೆ ಕಾರಿನ ನಡುಮಧ್ಯಕ್ಕೆ ಹೋಗುತ್ತದೆ. 15 ಅಂಗುಲದ ಚಕ್ರವೂ ಸೇರಿ, ಮಣ್ಣಿನ ರಸ್ತೆಯಲ್ಲಿ ಅಂಬಾಸಿಡರ್ ದೋಣಿಯಂತೆ ತೇಲುತ್ತಿತ್ತು. ಹಿಂದೆ ಕುಳಿತ ಮಕ್ಕಳಿಗೆ ವಾಂತಿ ಬರುತ್ತಿದ್ದುದೂ ಅದೇ ತೇಲಾಟದಿಂದ. 14 ಅಂಗುಲ ಚಕ್ರದ ಪದ್ಮಿನಿ ಗುಂಡಿಯನ್ನು ಬೆನ್ನಿಗೆ ತಿಳಿಸುತ್ತಿತ್ತು, ಆದರೆ ತಿರುವಿನಲ್ಲಿ ಹೆಚ್ಚು ಸಮತೋಲ. ಸ್ಟೇರಿಂಗ್ ಹಗುರ. ಹುಬ್ಬಳ್ಳಿಯ ದುರ್ಗದ ಬೈಲಿನಂಥ ಇಕ್ಕಟ್ಟಿನಲ್ಲಿ ಮಾವ ಒಂದು ಕೈಯಲ್ಲಿ ತಿರುಗಿಸಿ ನಿಲ್ಲಿಸುತ್ತಿದ್ದರು, ದೊಡ್ಡಪ್ಪನಿಗೆ ಅಲ್ಲಿ ಬೆವರು ಬರುತ್ತಿತ್ತು.

ಬ್ರೇಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡಕ್ಕೂ ನಾಲ್ಕು ಚಕ್ರಗಳಲ್ಲೂ ಡ್ರಮ್, ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುವಂಥದ್ದು. ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಎಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕೇ.

ಪೆಟ್ರೋಲಿನಲ್ಲಿ ಮಾವ ಗೆದ್ದರು. ಸರಿಯಾಗಿ ಟ್ಯೂನ್ ಮಾಡಿದ ಅಂಬಾಸಿಡರ್ ಲೀಟರಿಗೆ ಹತ್ತು ಕಿಲೊಮೀಟರ್ ಕೊಟ್ಟರೆ ಮಾಲೀಕರಿಗೆ ತೃಪ್ತಿ, ಪದ್ಮಿನಿ ಹದಿಮೂರು ಕೊಡುತ್ತಿತ್ತು. ಆದರೆ ಟ್ಯಾಂಕ್ ನೋಡಿ: ಅಂಬಾಸಿಡರ್‌ಗೆ 54 ಲೀಟರ್, ಪದ್ಮಿನಿಗೆ 38. ಟ್ಯಾಂಕ್ ತುಂಬಿಸಿ ಹೊರಟರೆ ಒಂದು 540 ಕಿಲೊಮೀಟರ್, ಇನ್ನೊಂದು 494. ಬೆಂಗಳೂರಿನಿಂದ ಹುಬ್ಬಳ್ಳಿಗೆ ಎರಡೂ ಮತ್ತೆ ಪೆಟ್ರೋಲ್ ಹಾಕಿಸದೆ ತಲುಪುತ್ತವೆ, ಮಾವನ ಜೇಬಿನಿಂದ ಖರ್ಚಾದದ್ದು ಕಡಿಮೆ. ಸಂಬಳದವರಿಗೆ ಅದೇ ನಿರ್ಣಾಯಕ. ಬಾಡಿಗೆಯವರಿಗೆ ಹೆಚ್ಚುವರಿ ಒಬ್ಬ ಪ್ರಯಾಣಿಕ ಪೆಟ್ರೋಲಿನ ವ್ಯತ್ಯಾಸವನ್ನು ತುಂಬಿಕೊಡುತ್ತಿದ್ದ. ಕಲ್ಕತ್ತೆಯಲ್ಲಿ ಟ್ಯಾಕ್ಸಿ ಎಂದರೆ ಅಂಬಾಸಿಡರ್, ಮುಂಬೈಯಲ್ಲಿ ಪದ್ಮಿನಿ. ಒಂದರ ಕಾರ್ಖಾನೆ ಕಲ್ಕತ್ತೆಯ ಪಕ್ಕ, ಇನ್ನೊಂದರದ್ದು ಮುಂಬೈಯಲ್ಲೇ, ಬಿಡಿಭಾಗಗಳು ಪಕ್ಕದ ಬೀದಿಯಲ್ಲೇ. ಕರ್ನಾಟಕದಲ್ಲಿ ಎರಡರ ಕಾರ್ಖಾನೆಯೂ ಇರಲಿಲ್ಲ. ಇಲ್ಲಿ ಆಯ್ಕೆಯನ್ನು ರಸ್ತೆ ಮತ್ತು ಕಸುಬು ಮಾಡಿದವು ಎಂಬುದು ನನ್ನ ಅಭಿಪ್ರಾಯ. ಮಲೆನಾಡು, ಕರಾವಳಿಯ ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಅಂಬಾಸಿಡರ್. ಡಾಕ್ಟರು, ವಕೀಲರು, ಬ್ಯಾಂಕಿನವರ ಮನೆಯ ಮುಂದೆ ಫಿಯೆಟ್.

ಇಷ್ಟು ಹೊಗಳಿದ ಮೇಲೆ ನನಗೆ ನೋವು ಕೊಡುವ ಅಂಕಿಯೊಂದನ್ನು ಹೇಳಲೇಬೇಕು. 1955ರಲ್ಲಿ ಇಂಗ್ಲೆಂಡಿನಲ್ಲಿ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಬಂತು. ಅದರ ಎಂಜಿನ್ ಇದೇ 1489 ಸಿಸಿಯ ಬಿ ಸರಣಿ. ಎರಡು ಕಾರ್ಬೊರೇಟರ್ ಮತ್ತು ಹೆಚ್ಚಿನ ಕಂಪ್ರೆಷನ್ ಕೊಟ್ಟು ಅದರಿಂದ 70ರ ಆಸುಪಾಸು ಅಶ್ವಶಕ್ತಿ ತೆಗೆದರು. 1962ರ ಎಂಜಿಬಿಯಲ್ಲಿ ಅದೇ 88.9 ಸ್ಟ್ರೋಕ್ ಉಳಿಸಿಕೊಂಡು ಬೋರ್ ಅಗಲಿಸಿ 1798 ಸಿಸಿ ಮಾಡಿದರು. ಅಂದರೆ ಉತ್ತರಪಾಡಾದಲ್ಲಿ ಎರಕ ಹೊಯ್ಯುತ್ತಿದ್ದ ಆ ಎಂಜಿನ್ನಿನೊಳಗೆ ಬೆಳೆಯುವ ಶಕ್ತಿ ಇತ್ತು. ನಮ್ಮಲ್ಲಿ ಅದು ದಶಕಗಟ್ಟಲೆ 50ರಲ್ಲೇ ಕುಳಿತಿತು. ಕಡಿಮೆ ಆಕ್ಟೇನಿನ ಪೆಟ್ರೋಲು ಒಂದು ಕಾರಣ, ಒಪ್ಪುತ್ತೇನೆ. ದೊಡ್ಡ ಕಾರಣ ಬೇರೆ. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು, ಹೊರಗಿನ ಕಾರಿಗೆ ಬಾಗಿಲು ಬಂದ್, ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಸಾಲು. ಮಾಡಿದ್ದೆಲ್ಲ ಮಾರಾಟವಾಗುವಾಗ ಉತ್ತಮಪಡಿಸಲು ಯಾರಿಗೆ ಒತ್ತಡ? ನಮ್ಮ ಮಾವ ಕಾದದ್ದು ಆರು ವರ್ಷ. ಕಾರು ಬಂದ ದಿನ ಬಾಗಿಲಿನ ರಬ್ಬರು ಕಿತ್ತು ಬಂದಿತ್ತು, ಅವರು ಅದನ್ನು ತಾವೇ ಅಂಟಿಸಿಕೊಂಡರು, ದೂರಲಿಲ್ಲ. ಆ ಸಹನೆಯನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಈ ಎರಡು ಕಾರುಗಳ ಹಿಂದಿನ ತಲೆಗಳನ್ನೂ ನೆನೆಯಬೇಕು. ಅಂಬಾಸಿಡರ್‌ನ ಟಾರ್ಷನ್ ಬಾರ್ ಮತ್ತು ರ‍್ಯಾಕ್ ಸ್ಟೇರಿಂಗ್, 1948ರ ಮಾರಿಸ್ ಮೈನರ್ ಕಾರಿನಲ್ಲಿ ಅಲೆಕ್ ಇಸಿಗೊನಿಸ್ ಅಳವಡಿಸಿದ ವಿಚಾರಗಳ ಮುಂದುವರಿಕೆ. ಫಿಯೆಟ್ 1100ರ ಎಂಜಿನಿಯರ್ ದಾಂತೆ ಜಿಯಕೋಸ. ಇಸಿಗೊನಿಸ್ 1959ರಲ್ಲಿ ಮಿನಿ ಕಾರು ಮಾಡಿ, ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ ಮುಂದಿನ ಚಕ್ರಗಳನ್ನು ಓಡಿಸಿದರು. ಜಿಯಕೋಸ ಆ ಜೋಡಣೆಯಲ್ಲಿ ಗೇರ್ ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ ಸಾಲಾಗಿ ತಂದು, 1969ರ ಫಿಯೆಟ್ 128ರಲ್ಲಿ ಜಗತ್ತಿಗೆ ಮಾದರಿ ಕೊಟ್ಟರು. ಇಂದು ನಿಮ್ಮ ಮನೆಯ ಮುಂದಿರುವ ಸಣ್ಣ ಕಾರು ಬಹುಪಾಲು ಆ ಮಾದರಿಯದೇ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ. 796 ಸಿಸಿ ಎಂಜಿನ್, ತೂಕ 650 ಕಿಲೊದ ಆಸುಪಾಸು, ಟನ್ನಿಗೆ ಸುಮಾರು 60 ಕುದುರೆ. ಪದ್ಮಿನಿಗಿಂತ ಚಿಕ್ಕ ಎಂಜಿನ್ ಇಟ್ಟುಕೊಂಡು ಎರಡನ್ನೂ ಹಿಂದೆ ಹಾಕಿತು. ನಮ್ಮ ಎರಡು ಹಿರಿಯ ಕಾರುಗಳನ್ನು ಸೋಲಿಸಿದ್ದು ಅವುಗಳ ಪಿತಾಮಹರ ಕೈಯಿಂದಲೇ ಬಂದ ವಿಚಾರ, ಜಪಾನಿನ ದಾರಿಯಾಗಿ ಬಂತು.

ಆಮೇಲೆ ಬದಲಾವಣೆ ಬಂತು. 1990ರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು ಕಂಪನಿಯ 1817 ಸಿಸಿ, 75 ಅಶ್ವಶಕ್ತಿಯ ಎಂಜಿನ್ ಮತ್ತು ಐದು ಗೇರು ಸಿಕ್ಕಿತು. ಟನ್ನಿಗೆ 45 ಇದ್ದದ್ದು 65 ದಾಟಿತು. ಆಗ ಅದನ್ನು ಓಡಿಸಿದವರಿಗೆ ಗೊತ್ತು, ಆ ದೇಹ ಎಷ್ಟು ಚೆನ್ನಾಗಿ ಓಡಬಲ್ಲದಿತ್ತು ಎಂದು. ಪದ್ಮಿನಿಗೆ ಇಟಲಿಯ 1366 ಸಿಸಿ ಡೀಸೆಲ್ ಎಂಜಿನ್ ಬಂತು, ಗೇರು ಸ್ಟೇರಿಂಗಿನಿಂದ ನೆಲಕ್ಕೆ ಇಳಿಯಿತು. ಕಾಲ ಮೀರಿತ್ತು. ಪದ್ಮಿನಿಯ ತಯಾರಿಕೆ 2000ದ ಹೊತ್ತಿಗೆ ಮುಗಿಯಿತು. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ, 20 ವರ್ಷದ ಮಿತಿ ತಲುಪಿ, 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆ ಬಿಟ್ಟಿತು.

ಉಪನ್ಯಾಸದ ನಂತರ ಕೆಲವು ಪ್ರಶ್ನೆಗಳು ಬಂದವು. ಎರಡರಲ್ಲಿ ಯಾವುದನ್ನು ಕೊಳ್ಳುತ್ತೀರಿ ಎಂದು ಒಬ್ಬರು ಕೇಳಿದರು. ನಾನು ಈಗ ಇರುವುದು ಊರೊಳಗೆ, ಮನೆಯಲ್ಲಿ ಇಬ್ಬರೇ. ಪದ್ಮಿನಿ ಕೊಳ್ಳುತ್ತೇನೆ. ತೀರ್ಥಹಳ್ಳಿಯಲ್ಲಿ ಕೂಡುಕುಟುಂಬದಲ್ಲಿ ಇದ್ದಿದ್ದರೆ ಉತ್ತರ ಬೇರೆಯಾಗಿರುತ್ತಿತ್ತು.

ಕೊನೆಯಲ್ಲಿ ಯುವತಿಯೊಬ್ಬರು ಎದ್ದು, ತಮ್ಮ ಅಜ್ಜನ ಪದ್ಮಿನಿ ಹದಿನೈದು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ, ಹೊಸ ಬ್ಯಾಟರಿ ತಂದಿದ್ದೇನೆ, ಸ್ಟಾರ್ಟ್ ಮಾಡಬಹುದೇ ಸರ್, ಎಂದು ಕೇಳಿದರು. ದಯವಿಟ್ಟು ಮಾಡಬೇಡಿ ಎಂದೆ. ಮೊದಲು ನಾಲ್ಕೂ ಪ್ಲಗ್ಗು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಇಡಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ತಳ್ಳಿ ಎಂಜಿನ್ ತಿರುಗುತ್ತದೆಯೇ ನೋಡಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ ತೊಳೆಸಿ. ರೇಡಿಯೇಟರಿನಿಂದ ಕೆಂಪು ನೀರು ಬಂದರೆ ಹೆಡ್ಡಿನೊಳಗೆ ಅಲ್ಯೂಮಿನಿಯಂ ತಿಂದುಹೋಗಿರಬಹುದು, ಅದನ್ನು ನೋಡದೆ ಮುಂದೆ ಹೋಗಬಾರದು. ಬ್ರೇಕಿನ ರಬ್ಬರು ಭಾಗಗಳನ್ನು ಕಣ್ಣು ಮುಚ್ಚಿಕೊಂಡು ಬದಲಿಸಿ. ಕೆಳಗೆ ಬಗ್ಗಿ, ಬಾಗಿಲಿನ ಕೆಳಗಿನ ಅಂಚನ್ನೂ ನೆಲದ ತಗಡನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಚಾಸಿ ಇಲ್ಲದ ಕಾರು ಇದು, ಆ ತಗಡು ಹೋದರೆ ಕಾರಿನ ಬೆನ್ನೆಲುಬೇ ಹೋದಂತೆ.

ಎಂಜಿನ್ ತಿರುಗದಿದ್ದರೆ ಏನು ಮಾಡಲಿ ಎಂದರು. ಬಲವಂತ ಮಾಡಬೇಡಿ, ಇನ್ನೊಂದು ಸುತ್ತು ಆಯಿಲ್ ಬಿಡಿ, ಭಾನುವಾರ ನಾನೇ ಬರುತ್ತೇನೆ ಎಂದೆ. ಶೆಡ್ಡಿನ ವಿಳಾಸ ಬರೆದುಕೊಟ್ಟಿದ್ದಾರೆ. ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಇನ್ನೂ ಡಿಕ್ಕಿಯಲ್ಲೇ ಇದೆಯಂತೆ.